ಗಿಡ ಮದ್ದನ್ನು ಯಾರಿಗಾಗಿ ಮಾಡುತ್ತದೆ?

ತಕ್ಷಶಿಲೆಯ ಜೀವಕನ ಕಥೆಯನ್ನು ಫಾರ್ಮಸಿ ಕಾಲೇಜಿನಲ್ಲಿ ಔಷಧಸಸ್ಯಗಳ ಪಾಠ ಶುರುಮಾಡುವ ದಿನ ನಾನು ತಪ್ಪದೆ ಹೇಳುತ್ತಿದ್ದೆ. ಏಳು ವರ್ಷ ಕಲಿತ ಶಿಷ್ಯ, ಈ ಓದಿಗೆ ಕೊನೆ ಯಾವಾಗ ಎಂದು ಕೇಳುತ್ತಾನೆ. ಗುರು ಕೈಗೊಂದು ಗುದ್ದಲಿ ಕೊಟ್ಟು, ಊರ ಸುತ್ತ ಒಂದು ಯೋಜನ ದೂರ ಅಲೆದು ಮದ್ದಲ್ಲದ್ದು ಏನು ಕಂಡರೂ ತಾ ಎನ್ನುತ್ತಾನೆ. ಜೀವಕ ಬರಿಗೈಯಲ್ಲಿ ವಾಪಸು ಬರುತ್ತಾನೆ. ನಿನ್ನ ಓದು ಮುಗಿಯಿತು ಎಂದು ಗುರು ದಾರಿಖರ್ಚಿಗೆ ಒಂದಿಷ್ಟು ಕೊಟ್ಟು ಕಳಿಸುತ್ತಾನೆ. ಮುಂದೆ ಬಿಂಬಿಸಾರನಿಗೂ ಬುದ್ಧನಿಗೂ ವೈದ್ಯನಾದವನು ಅವನೇ. ಕಥೆ ಇರುವುದು ವಿನಯಪಿಟಕದಲ್ಲಿ.

ಮಕ್ಕಳು ಇದರಿಂದ ತಿಳಿದುಕೊಳ್ಳುತ್ತಿದ್ದುದು ಒಂದೇ: ದೇವರು ಕಾಡುತುಂಬ ಮದ್ದು ಇಟ್ಟಿದ್ದಾನೆ, ಹುಡುಕಿದರೆ ಸಾಕು. ಬುದ್ಧನ ಕಡೆಯವರ ಕಥೆಯಲ್ಲಿ ದೇವರು ಎಲ್ಲಿಂದ ಬಂದ ಎಂದು ನಾನು ರೇಗಿಸುತ್ತಿದ್ದೆ. ಆದರೆ ಹಾಗೆ ತಿಳಿಯುವುದು ಅವರೊಬ್ಬರೇ ಅಲ್ಲ, ನಮ್ಮ ಇಡೀ ಊರೇ. ಚರಕ ಕೂಡ ಜಗತ್ತಿನಲ್ಲಿ ಔಷಧವಲ್ಲದ ದ್ರವ್ಯ ಇಲ್ಲ ಅಂದಿದ್ದಾನೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಅಂದಿದ್ದಾನೆ, ನಿಜ. ಆದರೆ ಅದೇ ಉಸಿರಿನಲ್ಲಿ, ಯಾವ ಯುಕ್ತಿಯಿಂದ, ಯಾವ ಉದ್ದೇಶಕ್ಕೆ ಬಳಸುತ್ತೀರಿ ಎಂಬುದರ ಮೇಲೆ ಅದು ನಿಂತಿದೆ ಎಂದೂ ಸೇರಿಸಿದ್ದಾನೆ. ಆ ಉಳಿದರ್ಧ ಭಾಷಣದಲ್ಲಿ ಬರುವುದಿಲ್ಲ. ಜೀವಕನ ಕಥೆಯೂ ನನಗೆ ಕಾಣುವುದು ಹಾಗೆಯೇ. ಅದು ಗಿಡಗಳ ಒಳ್ಳೆಯತನದ ಕಥೆಯಾಗಿದ್ದರೆ ಏಳು ವರ್ಷದ ಓದು ಯಾಕೆ ಬೇಕಿತ್ತು?

ಗಿಡ ನಮಗಾಗಿ ಇದೆ ಎಂಬ ನಂಬಿಕೆಗೆ ರೂಪದ ಸಾಕ್ಷಿಯನ್ನೂ ಕೊಡುವವರಿದ್ದಾರೆ. ಒಂದೆಲಗದ ಎಲೆ ಮೆದುಳಿನ ಹಾಗಿದೆ, ಅದಕ್ಕೇ ಅದು ಬುದ್ಧಿಗೆ. ಅಕ್ರೋಟಿನ ತಿರುಳೂ ಹಾಗೇ. ಇದು ಬರೀ ನಮ್ಮ ಕಡೆಯ ಮಾತಲ್ಲ. ಜರ್ಮನಿಯ ಗೊರ್ಲಿಟ್ಸ್ ಊರಿನ ಯಾಕೋಬ್ ಬ್ಯೋಮೆ ಎಂಬ ಚಪ್ಪಲಿ ಹೊಲಿಯುವ ಕಸುಬಿನ ಅನುಭಾವಿ, ಸೃಷ್ಟಿಯ ಪ್ರತಿ ವಸ್ತುವಿನ ಮೇಲೂ ದೇವರ ರುಜು ಇದೆ ಎಂದು 1621ರ ಹೊತ್ತಿಗೇ ಬರೆದಿದ್ದ. ಮೆದುಳಿನಂಥ ಗೆರೆಗಳೇ ಸಾಕ್ಷಿಯಾಗುವುದಾದರೆ, ಹೋಳು ಮಾಡಿದ ಅಡಿಕೆಯಲ್ಲಿ ಅವು ಇನ್ನೂ ಚೆನ್ನಾಗಿ ಕಾಣುತ್ತವೆ. ನಮ್ಮ ಶಿರಸಿ ಕಡೆಯವರು ತಲೆಮಾರುಗಳಿಂದ ಅಗಿಯುತ್ತ ಬಂದಿದ್ದೇವೆ. ಬುದ್ಧಿಯ ವಿಷಯದಲ್ಲಿ ಪಕ್ಕದ ತಾಲೂಕಿನವರಿಗಿಂತ ಮುಂದಿದ್ದೇವೆಂದು ಯಾರೂ ಹೇಳಿದ್ದು ಕೇಳಿಲ್ಲ.

ಇದನ್ನೆಲ್ಲ ಈಗ ಯೋಚಿಸುವಂತಾದದ್ದು ದೊಡ್ಡಪ್ಪನಿಂದ. ಪೌರೋಹಿತ್ಯ ಮಾಡಿಕೊಂಡಿದ್ದವರು. ಈಗ ಮಗನ ಹೆಸರು ಬರುವುದಿಲ್ಲ, ಊಟ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಆದರೆ ಯಾರಾದರೂ ರುದ್ರದ ಮೊದಲ ಪದ ಎತ್ತಿಕೊಟ್ಟರೆ ಸ್ವರ ತಪ್ಪದೆ ಮುಂದುವರಿಯುತ್ತದೆ. ಕಾಯಿಲೆ ಎಲ್ಲ ನೆನಪನ್ನೂ ಒಂದೇ ಸಲ ತೆಗೆಯುವುದಿಲ್ಲ; ಎಳೆತನದಲ್ಲಿ ಬಾಯಿಗೂ ನಾಲಿಗೆಗೂ ಹತ್ತಿದ್ದು ಬೇರೆ ದಾರಿಯಲ್ಲಿ ಉಳಿದಿರುತ್ತದೆ ಎಂದು ನರವೈದ್ಯರು ಹೇಳಿದರು. ದೊಡ್ಡಮ್ಮ ದಿನ ಬಿಟ್ಟು ದಿನ ಒಂದೆಲಗದ ತಂಬುಳಿ ಮಾಡುತ್ತಾರೆ: ತುಪ್ಪದಲ್ಲಿ ಬಾಡಿಸಿದ ಎಲೆ, ಜೀರಿಗೆ, ನಾಲ್ಕು ಕಾಳುಮೆಣಸು, ಕಾಯಿತುರಿ, ಮಜ್ಜಿಗೆ. ಅದು ಅವರ ಮದುವೆಯಾದಂದಿನಿಂದಲೂ ನಡೆದದ್ದು, ಮದ್ದೆಂದು ಶುರುಮಾಡಿದ್ದಲ್ಲ.

ಅಣ್ಣ, ಅಂದರೆ ದೊಡ್ಡಪ್ಪನ ಮಗ, ತಂದಿಟ್ಟದ್ದು ಬೇರೆ. ಅರಿಶಿನದ ಸಾರ, ಕಾಳುಮೆಣಸಿನ ಸಾರ, ಜತೆಗೆ ಎರಡು ಮೂರು ಗಿಡಗಳದ್ದು ಸೇರಿಸಿದ ಕ್ಯಾಪ್ಸೂಲು. ಒಳಗಿದ್ದ ಚೀಟಿಯಲ್ಲಿ, ಕೊಲೆಸ್ಟ್ರಾಲ್‌ನಿಂದ ನರಕೋಶಗಳು ಸಾಯುವುದನ್ನು ಸಸ್ಯಸಾರ ತಡೆಯುತ್ತದೆಂದು ಪ್ರಯೋಗಾಲಯದಲ್ಲಿ ಸಾಬೀತಾಗಿದೆ ಅಂತಿತ್ತು. ಮೇಲೊಂದು ಧನ್ವಂತರಿಯ ಚಿತ್ರ. "ನೀನೇ ಪಾಠ ಮಾಡಿದವಳಲ್ಲ, ಸುಳ್ಳೇನು ಇದರಲ್ಲಿ?" ಎಂದು ಕೇಳಿದ. ಸುಳ್ಳು ಎನ್ನಲು ನನಗೆ ಬಾಯಿ ಬರಲಿಲ್ಲ, ಯಾಕೆಂದರೆ ಆ ವಾಕ್ಯ ಪೂರ್ತಿ ಸುಳ್ಳಲ್ಲ.

ಮೆದುಳು ದೇಹದ ತೂಕದಲ್ಲಿ ಸುಮಾರು ಶೇ. 2. ಆದರೆ ದೇಹದ ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಕಾಲುಭಾಗದಷ್ಟು ಅಲ್ಲೇ ಇರುತ್ತದೆ, ಹೆಚ್ಚಿನ ಪಾಲು ನರತಂತುಗಳನ್ನು ಸುತ್ತಿದ ಮಯಲಿನ್ ಪೊರೆಯಲ್ಲಿ. ಅದಿಲ್ಲದೆ ಒಂದು ಯೋಚನೆಯೂ ಮುಂದೆ ಸಾಗದು. ಕೊಲೆಸ್ಟ್ರಾಲ್ ಅಂದರೆ ಪಾಪ ಎಂಬಂತೆ ಮಾತಾಡುವವರು ಇದನ್ನು ತಿಳಿಯಬೇಕು. ರಕ್ತದಲ್ಲಿರುವ ಕೊಲೆಸ್ಟ್ರಾಲ್ ಮೆದುಳಿನೊಳಕ್ಕೆ ದಾಟಲಾರದು. ತನಗೆ ಬೇಕಾದ್ದನ್ನು ಮೆದುಳು ತಾನೇ ಮಾಡಿಕೊಳ್ಳುತ್ತದೆ, ಮಾಡಿದ್ದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತದೆ. ಹೆಚ್ಚಾದದ್ದನ್ನು ಹೊರಗೆ ಕಳಿಸಬೇಕಾದರೆ ಅದಕ್ಕೆ ಒಂದು ಆಮ್ಲಜನಕ ಸೇರಿಸಿ 24-ಹೈಡ್ರಾಕ್ಸಿಕೊಲೆಸ್ಟ್ರಾಲ್ ಮಾಡುತ್ತದೆ. ಆ ರೂಪದಲ್ಲಿ ಅದು ತಡೆ ದಾಟಿ ರಕ್ತಕ್ಕೆ ಇಳಿದು ಯಕೃತ್ತಿಗೆ ಹೋಗುತ್ತದೆ. ಇದು ಕ್ರಮವಾಗಿ ನಡೆಯುವ ಉತ್ಕರ್ಷಣ. ಕ್ರಮ ತಪ್ಪಿ ನಡೆಯುವುದೂ ಉಂಟು. ಹಳೆಯ ಎಣ್ಣೆ ಕಮಟು ಹಿಡಿಯುವಾಗ ಆಗುವ ರಾಸಾಯನಿಕ ಕ್ರಿಯೆಯೇ ಕೋಶದೊಳಗೆ ಆಗಿ, 7-ಕೀಟೋಕೊಲೆಸ್ಟ್ರಾಲ್ ಎಂಬುದು ಹುಟ್ಟುತ್ತದೆ. ಉತ್ಕರ್ಷಣಗೊಂಡ ಇಂಥ ಕೊಲೆಸ್ಟ್ರಾಲ್‌ಗಳಿಗೆ ಆಕ್ಸಿಸ್ಟಿರಾಲ್ ಎಂದು ಹೆಸರು. ಇವು ಮಿತಿ ಮೀರಿದರೆ ನರಕೋಶದ ಮೈಟೊಕಾಂಡ್ರಿಯ ಕೆಡುತ್ತದೆ, ಪೊರೆ ಹದ ತಪ್ಪುತ್ತದೆ, ಕೋಶ ಸಾಯುತ್ತದೆ.

ಪ್ರಯೋಗಾಲಯದಲ್ಲಿ ಮಾಡುವುದು ಇಷ್ಟು: ಗಾಜಿನ ತಟ್ಟೆಯಲ್ಲಿ ನರಕೋಶದಂಥ ಕೋಶಗಳನ್ನು ಬೆಳೆಸಿ, ಈ ಆಕ್ಸಿಸ್ಟಿರಾಲ್‌ಗಳನ್ನು ಸುರಿದು, ಒಂದು ಪಾಲಿಗೆ ಗಿಡದ ಅಂಶವನ್ನೂ ಸೇರಿಸುವುದು. ಗಿಡದೆಣ್ಣೆಯ ಟೊಕೊಫೆರಾಲ್ ಹಾಗೂ ಅಂಥ ಇತರ ಸಸ್ಯಾಂಶ ಸೇರಿಸಿದ ತಟ್ಟೆಗಳಲ್ಲಿ ಹೆಚ್ಚು ಕೋಶಗಳು ಬದುಕಿಕೊಳ್ಳುತ್ತವೆ. ಇಂಥ ಕೆಲಸಕ್ಕೆ ಲೋಕದಲ್ಲೆಲ್ಲ ಬಳಸುವ ಎಸ್‌ಎಚ್-ಎಸ್‌ವೈ5ವೈ ಎಂಬ ಕೋಶಗಳ ಮೂಲ, ನಾಲ್ಕು ವರ್ಷದ ಒಬ್ಬ ಹುಡುಗಿಯ ಕ್ಯಾನ್ಸರ್. 1970ರಲ್ಲಿ ಅವಳ ಮೂಳೆಮಜ್ಜೆಯಿಂದ ತೆಗೆದದ್ದು ಇವತ್ತಿಗೂ ತಟ್ಟೆ ತಟ್ಟೆಗಳಲ್ಲಿ ಬೆಳೆಯುತ್ತಿದೆ. ಆ ಮಗುವನ್ನು ಯಾರು ಕೇಳಿದ್ದರು? ಈ ಪ್ರಶ್ನೆಗೆ ಮತ್ತೆ ಬರುತ್ತೇನೆ.

ತಟ್ಟೆಯಲ್ಲಿ ನಡೆದದ್ದು ಮನುಷ್ಯನಲ್ಲಿ ನಡೆಯಬೇಕಾದರೆ ಆ ಅಂಶ ಹೊಟ್ಟೆ, ಯಕೃತ್ತು, ಮೆದುಳಿನ ತಡೆ ಎಲ್ಲ ದಾಟಿ ಹೋಗಬೇಕು. ಅರಿಶಿನದ ಕರ್ಕ್ಯುಮಿನ್ ಮೊದಲ ಬಾಗಿಲಲ್ಲೇ ಸೋಲುತ್ತದೆ. ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು, 1998ರಲ್ಲಿ. ಸ್ವಯಂಸೇವಕರಿಗೆ 2 ಗ್ರಾಂ ಕೊಟ್ಟರೂ ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು. ಮೆಣಸಿನ ಪೈಪರೀನ್ 20 ಮಿಲಿಗ್ರಾಂ ಸೇರಿಸಿದಾಗ ಹೀರಿಕೆ 20 ಪಟ್ಟು ಏರಿತು. ಕ್ಯಾಪ್ಸೂಲಿನಲ್ಲಿ ಮೆಣಸು ಬಂದದ್ದು ಈ ದಾರಿಯಲ್ಲಿ. ಆದರೆ ಪೈಪರೀನ್ ಮಾಡುವುದು ಯಕೃತ್ತು ಹೊರಹಾಕುವ ಕೆಲಸವನ್ನು ನಿಧಾನಿಸುವುದು; ಅರಿಶಿನವನ್ನು ಮಾತ್ರ ತಡೆದು ಬೇರೆ ಮಾತ್ರೆಗಳನ್ನು ಬಿಟ್ಟುಬಿಡು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಇನ್ನು ದೊಡ್ಡ ಪ್ರಮಾಣದಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಿದ ಗಿಡವೆಂದರೆ ಗಿಂಕ್ಗೊ. ಅಮೆರಿಕದಲ್ಲಿ 75 ದಾಟಿದ 3069 ಜನರ ಮೇಲೆ ವರ್ಷಗಳ ಕಾಲ ನಡೆದ ಪ್ರಯೋಗದ ಫಲಿತಾಂಶ 2008ರಲ್ಲಿ ಬಂತು: ಗಿಂಕ್ಗೊ ತಿಂದವರಿಗೂ ಮದ್ದಿಲ್ಲದ ಬರೀ ಮಾತ್ರೆ ತಿಂದವರಿಗೂ ಮರೆವಿನ ಕಾಯಿಲೆ ಬರುವುದರಲ್ಲಿ ವ್ಯತ್ಯಾಸವಿರಲಿಲ್ಲ.

ಅಣ್ಣನಿಗೆ ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅವನ ಪ್ರಶ್ನೆ ವಿಜ್ಞಾನದ್ದಾಗಿರಲಿಲ್ಲ. ಕಾಯಿಲೆ ಕೊಟ್ಟ ದೇವರು ಮದ್ದನ್ನೂ ಎಲ್ಲೋ ಇಟ್ಟಿರಲೇಬೇಕಲ್ಲ ಎಂಬುದು ಅವನ ವಾದ. ಇದಕ್ಕೆ ಗಿಡದ ಕಡೆಯಿಂದಲೇ ಉತ್ತರ ಕೊಡಬೇಕು.

ಒಂದೆಲಗದ ಸತ್ವವೆಂದು ಹೇಳುವ ಏಷಿಯಾಟಿಕೊಸೈಡ್ ಸಪೋನಿನ್ ಜಾತಿಯದ್ದು, ಅಂಟುವಾಳ ಸೀಗೆಗಳ ನೊರೆಯ ಜಾತಿ. ಗಿಡ ಇದನ್ನು ಮಾಡುವುದು ಸ್ಕ್ವಾಲೀನ್ ಎಂಬ ವಸ್ತುವಿನಿಂದ. ನಮ್ಮ ದೇಹ ಕೊಲೆಸ್ಟ್ರಾಲ್ ಮಾಡುವುದೂ ಅದೇ ಸ್ಕ್ವಾಲೀನಿನಿಂದ. ಒಂದೇ ಮೂಲಪುರುಷನಿಂದ ಇಳಿದು ಬೇರೆ ಬೇರೆ ಮನೆ ಕಟ್ಟಿಕೊಂಡ ದಾಯಾದಿಗಳ ಹಾಗೆ ಇವೆರಡು. ಒಂದು ವಿಷ, ಇನ್ನೊಂದು ಅಮೃತ ಎಂದು ಹುಟ್ಟಿನಲ್ಲೇ ಬರೆದಿಟ್ಟದ್ದಲ್ಲ. ಗಿಡಕ್ಕೆ ಸಪೋನಿನ್ ಯಾಕೆ ಬೇಕು? ಬೂಷ್ಟು, ಹುಳುಗಳ ವಿರುದ್ಧದ ಆಯುಧ ಅದು. ಹಲವು ಸಪೋನಿನ್‌ಗಳು ಶತ್ರುವಿನ ಕೋಶದ ಪೊರೆಯಲ್ಲಿರುವ ಸ್ಟಿರಾಲನ್ನೇ ಹಿಡಿದು ಪೊರೆಗೆ ತೂತು ಮಾಡುತ್ತವೆ. ಕೆಂಪು ರಕ್ತಕಣದ ಮೇಲೆ ಹಾಕಿದರೆ ಕಣ ಒಡೆಯುತ್ತದೆ. ಇದನ್ನು ನಾವು ವಿದ್ಯಾರ್ಥಿಗಳಿಂದ ಮಾಡಿಸಿ ಅಂಕ ಕೊಡುತ್ತಿದ್ದೆವು. ಮಲೆನಾಡಿನ ಹಳ್ಳದ ಗುಂಡಿಗಳಲ್ಲಿ ಕಾರೆಕಾಯಿ ಜಜ್ಜಿ ಹಾಕಿ ಮೀನು ತೇಲಿಸುತ್ತಿದ್ದದ್ದೂ ಸಪೋನಿನ್ನಿನ ಬಲದಿಂದ. ಅದೇ ಕಾರೆಕಾಯಿ ವೈದ್ಯರ ಕೈಯಲ್ಲಿ ಮದನಫಲ, ವಮನಕ್ಕೆ ಕೊಡುವ ದ್ರವ್ಯಗಳಲ್ಲಿ ಮೊದಲನೆಯದು. ಮೀನಿನ ಪಾಲಿಗೆ ದೇವರು ಕಾರೆಗಿಡದಲ್ಲಿ ಇಟ್ಟದ್ದೇನು?

ಮರೆವಿನ ಕಾಯಿಲೆಗೆ ಗಿಡದಿಂದ ಬಂದ, ನಿಜವಾಗಿ ಬಳಕೆಯಲ್ಲಿರುವ ಮಾತ್ರೆಗಳು ಇವೆ. ಅವುಗಳ ಚರಿತ್ರೆಯಷ್ಟು ನನ್ನನ್ನು ಕಾಡಿದ್ದು ಬೇರೆ ಯಾವುದೂ ಇಲ್ಲ. ಇಂದಿನ ನೈಜೀರಿಯದ ಕಲಬಾರ್ ಪ್ರದೇಶದ ಎಫಿಕ್ ಜನರಲ್ಲಿ ಎಸೆರೆ ಎಂಬ ಕಾಯಿಯ ದಿವ್ಯಪರೀಕ್ಷೆ ಇತ್ತು. ಮಾಟ ಮಾಡಿದ ಆರೋಪ ಹೊತ್ತವರಿಗೆ ಆ ಬಳ್ಳಿಯ ಬೀಜ ಅರೆದು ಕುಡಿಸುವುದು. ವಾಂತಿಯಾಗಿ ಬದುಕಿದರೆ ನಿರಪರಾಧಿ, ಸತ್ತರೆ ಅಪರಾಧಿ. ಬೀಜಕ್ಕೆ ಪಾಪಪುಣ್ಯ ತಿಳಿಯುತ್ತದೆ ಎಂಬುದು ಗಟ್ಟಿ ನಂಬಿಕೆ. ತಾವು ನಿರ್ದೋಷಿಗಳೆಂದು ತೋರಿಸಲು ತಾವಾಗಿ ಮುಂದೆ ಬಂದು ತಿಂದವರೂ ಇದ್ದರು. ಧೈರ್ಯವಾಗಿ ಒಂದೇ ಗುಟುಕಿಗೆ ಕುಡಿದವನಿಗೆ ಬೇಗ ವಾಂತಿಯಾಗುತ್ತದೆ, ಅಳುಕುತ್ತ ಗುಟುಕರಿಸಿದವನ ಮೈಗೆ ವಿಷ ಇಳಿಯುತ್ತದೆ ಎಂಬ ವಿವರಣೆಯನ್ನು ಆಮೇಲಿನವರು ಕೊಟ್ಟರು. ನನಗೆ ಅದು ಅಷ್ಟು ರುಚಿಸುವುದಿಲ್ಲ. ಹೆದರುವ ನಿರಪರಾಧಿಗಳು ಎಲ್ಲ ಊರಲ್ಲೂ ಇರುತ್ತಾರೆ.

ಮಿಷನರಿಗಳ ಮೂಲಕ ಬೀಜ ಎಡಿನ್‌ಬರೋ ತಲುಪಿತು. ಅಲ್ಲಿನ ಪ್ರೊಫೆಸರ್ ರಾಬರ್ಟ್ ಕ್ರಿಸ್ಟಿಸನ್ 1855ರಲ್ಲಿ ಅದನ್ನು ತಾನೇ ತಿಂದು ನೋಡಿದ. ಕೈಕಾಲು ಸೋತು ಬಂದಾಗ, ಗಡ್ಡ ಹೆರೆದು ಉಳಿದಿದ್ದ ಸೋಪಿನ ನೀರನ್ನೇ ಕುಡಿದು ವಾಂತಿ ಮಾಡಿಕೊಂಡು ಬದುಕಿದ. 1864ರಲ್ಲಿ ಬೀಜದಿಂದ ಫೈಸೊಸ್ಟಿಗ್ಮಿನ್ ಬೇರೆಯಾಯಿತು. ಅದು ಅಸಿಟೈಲ್‌ಕೋಲಿನ್ ಎಂಬ ನರಸಂದೇಶಕ ಒಡೆದುಹೋಗದಂತೆ ತಡೆಯುತ್ತದೆ. ಮಿತಿ ಮೀರಿದರೆ ಉಸಿರು ನಿಲ್ಲುತ್ತದೆ; ಮಿತಿಯಲ್ಲಿದ್ದರೆ, ಅಸಿಟೈಲ್‌ಕೋಲಿನ್ ಕಮ್ಮಿಯಾದ ಮೆದುಳಿಗೆ ಸ್ವಲ್ಪ ಒತ್ತಾಸೆ ಸಿಗುತ್ತದೆ. ಇದನ್ನೇ ಮಾದರಿಯಾಗಿಟ್ಟು ತಯಾರಿಸಿದ ರಿವಾಸ್ಟಿಗ್ಮಿನ್ 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ದೊಡ್ಡಪ್ಪನಿಗೆ ವೈದ್ಯರು ಬರೆದುಕೊಟ್ಟದ್ದೂ ಅದೇ. ಸ್ನೋಡ್ರಾಪ್ ಹೂಗಿಡದಿಂದ ಬಂದ ಗ್ಯಾಲಂಟಮಿನ್ ಕೂಡ ಇದೇ ಕೆಲಸ ಮಾಡುತ್ತದೆ. ಯಾವುದೂ ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಕೆಲವು ಕಾಲ ಕೆಲವರಿಗೆ ಸ್ವಲ್ಪ ಸರಾಗ ಮಾಡುತ್ತವೆ.

1906ರಲ್ಲಿ ಇದೇ ಕಲಬಾರ್ ಬೀಜದಿಂದ ವಿಂಡೌಸ್ ಮತ್ತು ಹೌತ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ಸ್ಟಿಗ್ಮಾಸ್ಟಿರಾಲ್ ತೆಗೆದರು. ಅದು ಸಸ್ಯಗಳ ಸ್ಟಿರಾಲ್, ಕೊಲೆಸ್ಟ್ರಾಲ್‌ನ ಹತ್ತಿರದ ನಂಟು. ಅದೇ 1906ರ ನವೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ಅಲೋಯ್ಸ್ ಆಲ್ಝೈಮರ್, ಔಗುಸ್ಟೆ ಡೇಟರ್ ಎಂಬ ಹೆಂಗಸಿನ ಮೆದುಳಲ್ಲಿ ತಾನು ಕಂಡದ್ದನ್ನು ಸಭೆಗೆ ವಿವರಿಸಿದ. ಮೆದುಳಿನ ಪೋಷಕ ಕೋಶಗಳಲ್ಲಿ ಕೊಬ್ಬಿನಂಥ ಕಣಗಳು ತುಂಬಿದ್ದನ್ನೂ ಅವನು ಗುರುತಿಸಿದ್ದ. ಅದನ್ನು ಬಹುಕಾಲ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊಲೆಸ್ಟ್ರಾಲ್ ಸಾಗಿಸುವ ಎಪಿಒಇ ಪ್ರೋಟೀನಿನ ಒಂದು ಬಗೆ ಈ ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತದೆಂದು 1993ರಲ್ಲಿ ತಿಳಿದ ಮೇಲೆಯೇ ಕೊಬ್ಬಿನ ಕಡೆ ಗಮನ ಹರಿದದ್ದು. ನಡುವಯಸ್ಸಿನಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ ಏರಿರುವುದು ತಡೆಯಬಹುದಾದ ಕಾರಣಗಳಲ್ಲಿ ಒಂದೆಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಸೇರಿಸಿತು. ಔಗುಸ್ಟೆ ಆಸ್ಪತ್ರೆಯಲ್ಲಿ ತನ್ನ ಹೆಸರು ಬರೆಯಲಾಗದೆ, ತನ್ನನ್ನೇ ತಾನು ಕಳೆದುಕೊಂಡೆ ಎಂಬರ್ಥದ ಮಾತಾಡಿದ್ದಳಂತೆ.

ಗಿಡವನ್ನು ನಮ್ಮ ಸೇವಕನೆಂದು ತಿಳಿಯದೆಯೂ ಅದನ್ನು ಪವಿತ್ರವೆಂದು ತಿಳಿಯಬಹುದು. ಜೈನರಲ್ಲಿ ಗಿಡ ಏಕೇಂದ್ರಿಯ ಜೀವ. ಅದಕ್ಕೆ ಅದರದ್ದೇ ಕರ್ಮ, ಅದರದ್ದೇ ಪಯಣ. ಹಸಿ ಅರಿಶಿನ ಗೆಡ್ಡೆಯಾದ್ದರಿಂದ ಆಚಾರವಂತರು ಮುಟ್ಟುವುದಿಲ್ಲ, ಒಣಗಿದ್ದನ್ನು ಬಳಸುತ್ತಾರೆ. ಅರಿಶಿನ ನಮ್ಮ ಮೆದುಳಿಗಾಗಿಯೇ ಹುಟ್ಟಿತು ಎಂಬುದು ಅವರಿಗೆ ವಿಚಿತ್ರವಾಗಿ ಕೇಳೀತು. ಋಗ್ವೇದದ ಓಷಧಿಸೂಕ್ತವನ್ನೇ ನೋಡಿ. ಗಿಡಗಳನ್ನು ತಾಯಂದಿರೆಂದು ಕರೆಯುವ ಆ ಋಷಿ, ಕೊನೆಯ ಹೊತ್ತಿಗೆ, ಅಗೆಯುವವನಿಗೂ ಯಾರಿಗಾಗಿ ಅಗೆಯುತ್ತಾನೋ ಅವನಿಗೂ ಕೇಡಾಗದಿರಲಿ ಎಂದು ಬೇಡುತ್ತಾನೆ. ಬರೀ ಕೊಡುಗೆ ಎಂದು ತಿಳಿದವನು ಹೀಗೆ ಬೇಡುವುದಿಲ್ಲ. ನಮ್ಮ ಕಡೆ ನಾಟಿವೈದ್ಯರು ಬೇರು ತೆಗೆಯುವ ಮುನ್ನ ಗಿಡಕ್ಕೆ ಹೇಳಿಬರುತ್ತಿದ್ದುದೂ ಈ ಅಂಜಿಕೆಯಿಂದಲೇ. ನಾನು ಚಿಕ್ಕವಳಿದ್ದಾಗ ಅದು ಮೂಢತನವೆನಿಸುತ್ತಿತ್ತು. ಈಗ ಕ್ಯಾಪ್ಸೂಲಿನ ಚೀಟಿಗಿಂತ ಅದರಲ್ಲಿ ಹೆಚ್ಚು ವಿವೇಕ ಕಾಣುತ್ತದೆ.

ತಟ್ಟೆಯ ಕೋಶಗಳ ಮೂಲವಾದ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ: ಯಾರ ಮೈಮೇಲೆ ಪರೀಕ್ಷೆಯೋ ಅವರನ್ನು ಕೇಳಿದವರು ಯಾರು? ಕಲಬಾರಿನ ಪರೀಕ್ಷೆಯಲ್ಲಿ ನಂಬಿಕೆ ಊರವರದ್ದು, ಬೀಜ ಮಾತ್ರ ಆರೋಪಿಯ ಹೊಟ್ಟೆಗೆ. ಕ್ರಿಸ್ಟಿಸನ್ ತನ್ನ ಸಂಶಯವನ್ನು ತಾನೇ ತಿಂದ. ಧರ್ಮದ ದೃಷ್ಟಿಯಿಂದ ಇವೆರಡರ ನಡುವಿನ ಅಂತರ, ಗಿಡ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ ದೊಡ್ಡದು. ನನ್ನ ನಂಬಿಕೆಗೆ ನಾನು ಉಪವಾಸ ಮಾಡಬಹುದು, ಬೇವು ಕುಡಿಯಬಹುದು, ಶಬರಿಮಲೆ ಹತ್ತಬಹುದು. ಅದಕ್ಕೆ ಪ್ರಮಾಣ ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ದೊಡ್ಡಪ್ಪ ಹೌದು ಅನ್ನಲಾರರು, ಬೇಡ ಅನ್ನಲಾರರು. ಕೈಗೆ ಇಟ್ಟದ್ದನ್ನು ಪ್ರಸಾದ ತೆಗೆದುಕೊಂಡಂತೆ ಕಣ್ಣಿಗೊತ್ತಿಕೊಂಡು ನುಂಗುತ್ತಾರೆ. ಅಂಥವರ ಬಾಯಿಗೆ ನಮ್ಮ ಶ್ರದ್ಧೆಯನ್ನು ಹಾಕುವಾಗ ಪ್ರಮಾಣ ಬೇಕೇ ಬೇಕು. ಶ್ರದ್ಧೆಯ ಹೆಸರಿನಲ್ಲಿ ಗಾಜಿನ ತಟ್ಟೆಯ ಫಲಿತಾಂಶ ತೋರಿಸುವುದಂತೂ ಎರಡಕ್ಕೂ ಅಪಚಾರ. ತಟ್ಟೆಯ ಕೋಶಕ್ಕೆ ಯಕೃತ್ತಿಲ್ಲ, ಬೇರೆ ಕಾಯಿಲೆಯಿಲ್ಲ, ಬೆಳಿಗ್ಗೆ ತಿಂದ ಬಿ.ಪಿ. ಮಾತ್ರೆಯೂ ಇಲ್ಲ.

ಹಾಗಾದರೆ ತಂಬುಳಿ? ಅಣ್ಣ ಅದನ್ನೂ ಕೇಳಿದ, ಸ್ವಲ್ಪ ಸಿಟ್ಟಿನಲ್ಲಿ. ಒಂದೆಲಗ ಮರೆವಿನ ಕಾಯಿಲೆಯನ್ನು ತಡೆಯುತ್ತದೆಂದು ಮನುಷ್ಯರಲ್ಲಿ ತೋರಿಸಿಕೊಟ್ಟದ್ದಿಲ್ಲ, ನಿಜ. ಆದರೆ ತಂಬುಳಿ ಊಟ. ಎಲೆ ಒಂದು ಹಿಡಿ, ಮೆಣಸು ನಾಲ್ಕು ಕಾಳು; ಸತ್ವವನ್ನು ಹಿಂಡಿ ನೂರ್ಮಡಿ ಮಾಡಿ ಡಬ್ಬಿಗೆ ತುಂಬಿದ್ದಲ್ಲ. ಅದನ್ನು ಬಡಿಸಿದರೆ ದೊಡ್ಡಪ್ಪ ಇನ್ನೆರಡು ತುತ್ತು ಅನ್ನ ಹೆಚ್ಚಿಗೆ ಉಣ್ಣುತ್ತಾರೆ. ಅವರು ಬೇಕೆಂದು ತೋರಿಸಬಲ್ಲ ಕೆಲವೇ ಸಂಗತಿಗಳಲ್ಲಿ ಅದೊಂದು, ಹಾಗಾಗಿ ಅದು ಮುಂದುವರಿದಿದೆ. ಕ್ಯಾಪ್ಸೂಲನ್ನು ನರವೈದ್ಯರಿಗೆ ತೋರಿಸಿದೆವು. ಅವರು ಬೇಡ ಅಂದರು, ನಿಲ್ಲಿಸಿದೆವು. ಅಣ್ಣ ಪೂರ್ತಿ ಒಪ್ಪಿದ್ದಾನೆಂದು ಹೇಳಲಾರೆ.

ಓದುವವರ ಮನೆಯಲ್ಲೂ ಇಂಥ ಡಬ್ಬಿ ಇದ್ದೀತು. ಅರಿಶಿನದ ಸಾರದ ಕ್ಯಾಪ್ಸೂಲಿನಿಂದ ಯಕೃತ್ತಿನ ಉರಿಯೂತ ಬಂದ ಪ್ರಕರಣಗಳು ಇಟಲಿಯಲ್ಲೂ ಅಮೆರಿಕದಲ್ಲೂ ದಾಖಲಾಗಿವೆ. ಅಡಿಗೆಯ ಅರಿಶಿನಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಮರೆವು ಹತ್ತಿದವರಿಗೆ ಯಾವ ಗಿಡದ ಸಾರ ಕೊಡುತ್ತಿದ್ದರೂ, ಉಳಿದ ಮಾತ್ರೆಗಳ ಚೀಟಿಯ ಜತೆ ಆ ಡಬ್ಬಿಯನ್ನೂ ಒಮ್ಮೆ ವೈದ್ಯರ ಮುಂದಿಡಿ.